ಕರ್ನಾಟಿಕ್ ಹಡಗಿನ ಮೂವತ್ತನಾಲ್ಕು ಗಂಟೆಗಳು

ಕೆಂಪು ಸಮುದ್ರದ ತಳದಲ್ಲಿ ನಮ್ಮ ನಾಡಿನ ಹೆಸರನ್ನು ನೆನಪಿಸುವ ಹಡಗೊಂದು ನೂರೈವತ್ತಕ್ಕೂ ಹೆಚ್ಚು ವರ್ಷಗಳಿಂದ ಒರಗಿ ಮಲಗಿದೆ. ಅದರ ಹೆಸರು ‘ಕರ್ನಾಟಿಕ್’. ಆರ್ಕಾಟಿನ ನವಾಬರ ಆಳ್ವಿಕೆಯಲ್ಲಿದ್ದ ದಕ್ಷಿಣ ಭಾರತದ ಸೀಮೆಯನ್ನು ಆಂಗ್ಲರು ಈ ಹೆಸರಿನಿಂದ ಕರೆಯುತ್ತಿದ್ದರು. ಅದು ಇಂದಿನ ನಮ್ಮ ರಾಜ್ಯವಲ್ಲ. ಆದರೂ ಆ ಪದದ ಬೇರಿನಲ್ಲಿರುವುದು ‘ಕರ್ಣಾಟ’ವೇ. ಈಜಿಪ್ಟಿನ ಕಡಲಿನಲ್ಲಿ ಆ ಹೆಸರು ಕಿವಿಗೆ ಬಿದ್ದಾಗ ದೂರದಲ್ಲಿ ಯಾರೋ ಊರಿನವರು ಕೂಗಿ ಕರೆದಂತಾಯಿತು. ಆ ಹಡಗಿನ ಅವಶೇಷವನ್ನು ನೀರಿನೊಳಗೆ ಇಳಿದು ಕಣ್ಣಾರೆ ನೋಡುವ ಅವಕಾಶವನ್ನು ಅಲ್ಲಾಹನು ನಮಗೆ ಕರುಣಿಸಿದನು. ನೋಡಿ ಬಂದುದನ್ನು ಬರೆಯಲು ಒಂದು ವರ್ಷ ತಡವಾಯಿತು. ಬರೆಯುವ ಮೊದಲು ಮಾಡಿ ಮುಗಿಸಲೇಬೇಕಾದ ಕೆಲಸವೊಂದಿತ್ತು.

ನಮ್ಮ ಅಕ್ಕನ ಹಿರಿಯ ಮಗ ಜಿದ್ದಾದಲ್ಲಿ ಇಂಜಿನಿಯರ್. ಕಳೆದ ವರ್ಷ ಅವನು ನಮ್ಮನ್ನು ಉಮ್ರಾಕ್ಕೆ ಕರೆಸಿಕೊಂಡನು. ಟಿಕೆಟಿನಿಂದ ಹಿಡಿದು ವಸತಿಯವರೆಗೆ ಎಲ್ಲ ಖರ್ಚೂ ಅವನದೇ. ಉಮ್ರಾ ಮುಗಿದ ಬಳಿಕ ಕೈರೋದ ಅಲ್-ಅಝ್‌ಹರ್ ಮಸೀದಿಯನ್ನು ನೋಡಬೇಕೆಂಬ, ಮದ್ರಸದ ದಿನಗಳಿಂದಲೂ ಇದ್ದ ನಮ್ಮ ಆಸೆಯನ್ನು ಅವನು ಈಡೇರಿಸಿದನು. ಅಲ್ಲಿಂದ ಅರಬರು ಅಲ್-ಗುರ್ದಖಾ ಎಂದೂ ಪ್ರವಾಸಿಗರು ಹುರ್ಘಾದಾ ಎಂದೂ ಕರೆಯುವ ಕಡಲತೀರದ ಪಟ್ಟಣಕ್ಕೆ ಕರೆದೊಯ್ದನು. ಜಿದ್ದಾದಲ್ಲಿ ವಾರದ ರಜೆ ಬಂದರೆ ಸಮುದ್ರಕ್ಕಿಳಿಯುವುದು ಅವನ ಹವ್ಯಾಸ. ನೇತ್ರಾವತಿಯ ದಡದಲ್ಲಿ ಬೆಳೆದ ನಮಗೂ ಈಜು ಹೊಸತಲ್ಲ. ಹಿಂದೊಮ್ಮೆ ಅವನು ಊರಿಗೆ ಬಂದಿದ್ದಾಗ ಮುರುಡೇಶ್ವರದ ಸಮೀಪದ ನೇತ್ರಾಣಿ ದ್ವೀಪಕ್ಕೆ ನಮ್ಮನ್ನು ಎಳೆದೊಯ್ದು ಸ್ಕೂಬಾದ ಮೊದಲ ಹಂತದ ತರಬೇತಿ ಕೊಡಿಸಿದ್ದನು. ಉಸ್ತಾದರಿಗೆ ಈ ವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದು ಜಮಾಅತಿನ ಹಿರಿಯರು ನಕ್ಕಿದ್ದುಂಟು. ಆ ಪ್ರಮಾಣಪತ್ರ 18 ಮೀಟರ್ ಆಳದವರೆಗೆ ಮಾತ್ರ ಸಲ್ಲುತ್ತದೆ. ಹುರ್ಘಾದಾದಲ್ಲಿ ಮುಂದಿನ ಹಂತದ ತರಬೇತಿ ಮುಗಿಸಿ, 30 ಮೀಟರ್‌ವರೆಗೆ ಇಳಿಯುವ ಅರ್ಹತೆ ಪಡೆದೆವು.

ಈ ವಿದ್ಯೆಯ ಬಗ್ಗೆ ಓದುಗರಿಗೆ ಎರಡು ಮಾತು ಹೇಳಬೇಕು. ಮುಂದಿನ ವಿಷಯ ಅದರ ಮೇಲೆಯೇ ನಿಂತಿದೆ. ಸಮುದ್ರಕ್ಕಿಳಿಯುವವನು ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರಿನಲ್ಲಿ ಇರುವುದು ನಾವು ದಿನವೂ ಉಸಿರಾಡುವ ಸಾಮಾನ್ಯ ಗಾಳಿಯೇ ಹೊರತು, ಅನೇಕರು ಭಾವಿಸಿರುವಂತೆ ಶುದ್ಧ ಆಮ್ಲಜನಕವಲ್ಲ. 12 ಲೀಟರ್ ಹಿಡಿಯುವ ಉಕ್ಕಿನ ಅಥವಾ ಅಲ್ಯೂಮಿನಿಯಂ ಪಾತ್ರೆಯಲ್ಲಿ ಸುಮಾರು 200 ಬಾರ್ ಒತ್ತಡದಲ್ಲಿ ಅದನ್ನು ತುಂಬಿಸುತ್ತಾರೆ. ಪ್ರತಿ ಹತ್ತು ಮೀಟರ್ ಆಳಕ್ಕೆ ವಾಯುಮಂಡಲದ ಒಂದು ಪಾಲಿನಷ್ಟು ಒತ್ತಡ ಹೆಚ್ಚುತ್ತದೆ. ಆದುದರಿಂದ 20 ಮೀಟರ್ ಆಳದಲ್ಲಿ ಒಂದೊಂದು ಉಸಿರಿಗೂ ಮೇಲಿನ ಮೂರು ಉಸಿರಿನಷ್ಟು ಗಾಳಿ ಖರ್ಚಾಗುತ್ತದೆ. ಹೆದರಿದವನು ಇನ್ನೂ ಬೇಗ ಖಾಲಿ ಮಾಡುತ್ತಾನೆ. ಎಷ್ಟು ಉಳಿದಿದೆ ಎಂದು ತೋರಿಸುವ ಗೇಜ್ ಒಂದು ಕೊಳವೆಯ ತುದಿಯಲ್ಲಿ ತೂಗುತ್ತಿರುತ್ತದೆ. ಅದನ್ನು ಆಗಾಗ ನೋಡಿಕೊಳ್ಳುವುದು ಇಳಿದವನ ಕರ್ತವ್ಯ. ಗಾಳಿ ಮುಗಿಯಿತೆಂದು ಗಾಬರಿಯಿಂದ ಒಮ್ಮೆಲೇ ಮೇಲೆ ಹಾರುವಂತಿಲ್ಲ. ಹಾಗೆ ಮಾಡಿದರೆ ಶ್ವಾಸಕೋಶ ಹರಿಯಬಹುದು, ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಗಳಾಗಿ ಪ್ರಾಣಕ್ಕೆ ಕುತ್ತು ತರಬಹುದು. ನಿಧಾನವಾಗಿ ಏರಬೇಕು, 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಂತು ಆಮೇಲೆ ಹೊರಬರಬೇಕು. ಆದುದರಿಂದ ಹಿಂದಿರುಗುವ ದಾರಿಗೆ ಬೇಕಾದ ಗಾಳಿ ಕೈಯಲ್ಲಿರುವಾಗಲೇ ಹಿಂದಿರುಗಲು ತೀರ್ಮಾನಿಸಬೇಕು.

ಹುರ್ಘಾದಾದಿಂದ ಉತ್ತರಕ್ಕೆ ದೋಣಿಯಲ್ಲಿ ಹೋದರೆ, ಸೂಯೆಝ್ ಕೊಲ್ಲಿ ಕೆಂಪು ಸಮುದ್ರವನ್ನು ಕೂಡುವ ಬಾಯಿಯ ಬಳಿ ‘ಶಿಅಬ್ ಅಬೂ ನುಹಾಸ್’ ಎಂಬ ಹವಳದ ದಿಬ್ಬ ಸಿಗುತ್ತದೆ. ‘ಶಿಅಬ್’ ಎಂಬ ಪದ ಕೇಳಿದೊಡನೆ ನಮಗೆ ಮಕ್ಕಾದ ಶಿಅಬ್ ಅಬೀತ್ವಾಲಿಬ್, ಪ್ರವಾದಿವರ್ಯರು(ಸ) ಮತ್ತು ಅವರ ಕುಟುಂಬದವರು ಬಹಿಷ್ಕಾರದ ವರ್ಷಗಳನ್ನು ಕಳೆದ ಆ ಕಣಿವೆ, ನೆನಪಾಯಿತು. ಈ ಕಡಲಿನವರ ಬಾಯಲ್ಲಿ ಅದು ಹವಳದ ದಿಬ್ಬಕ್ಕೆ ಹೆಸರು. ‘ಅಬೂ ನುಹಾಸ್’ ಎಂದರೆ ತಾಮ್ರದ ತಂದೆ. ಇಲ್ಲಿ ಮುಳುಗಿದ ಹಡಗಿನಿಂದ ದೊರೆತ ತಾಮ್ರದಿಂದಾಗಿ ಈ ಹೆಸರು ಬಂದಿತೆಂದು ಹೇಳುತ್ತಾರೆ. ಆ ತಾಮ್ರವನ್ನು ಹೊತ್ತಿದ್ದುದು ಕರ್ನಾಟಿಕ್. ಹಡಗುಗಳ ದಾರಿಯ ಮಗ್ಗುಲಲ್ಲೇ, ನೀರಿನ ಮೇಲ್ಮೈಗೆ ತುಸು ಕೆಳಗೆ ಅಡಗಿರುವ ಈ ದಿಬ್ಬ ಇತರ ಹಡಗುಗಳನ್ನೂ ಬಲಿ ತೆಗೆದುಕೊಂಡಿದೆ. 1978, 1981 ಮತ್ತು 1983ರಲ್ಲಿ ಮುಳುಗಿದ ಮೂರು ಸರಕು ಹಡಗುಗಳು ಅದೇ ದಿಬ್ಬದ ಬುಡದಲ್ಲಿವೆ.

ಕರ್ನಾಟಿಕ್ ಪಿ ಅಂಡ್ ಓ ಕಂಪೆನಿಯ ಪ್ರಯಾಣಿಕರ ಹಡಗು. 1862ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ನೀರಿಗಿಳಿದ ಅದಕ್ಕೆ ಹಾಯಿಯೂ ಇತ್ತು, ಉಗಿಯಂತ್ರವೂ ಇತ್ತು. ಕಬ್ಬಿಣದ ಪಕ್ಕೆಲುಬುಗಳಿಗೆ ಮರದ ಹಲಗೆ ಹೊದಿಸಿ ಕಟ್ಟಿದ, ಸುಮಾರು 90 ಮೀಟರ್ ಉದ್ದದ ಹಡಗು. ಸೂಯೆಝ್ ಕಾಲುವೆ ಆಗ ಇನ್ನೂ ತೆರೆದಿರಲಿಲ್ಲ. ಯುರೋಪಿನಿಂದ ಬಂದವರು ಅಲೆಕ್ಸಾಂಡ್ರಿಯಾದಲ್ಲಿ ಇಳಿದು, ನೆಲದ ಮೇಲೆ ಸೂಯೆಝ್‌ಗೆ ಬಂದು, ಅಲ್ಲಿ ಬೇರೊಂದು ಹಡಗು ಹತ್ತಬೇಕಿತ್ತು. 1869ರ ಸೆಪ್ಟೆಂಬರ್ 12ರಂದು 34 ಪ್ರಯಾಣಿಕರು, 176 ಸಿಬ್ಬಂದಿ, ಹತ್ತಿಯ ಮೂಟೆಗಳು, ತಾಮ್ರದ ತಗಡುಗಳು, ಅಂಚೆಯ ಚೀಲಗಳು ಮತ್ತು 40,000 ಪೌಂಡ್ ಮೌಲ್ಯದ ನಾಣ್ಯಗಳೊಂದಿಗೆ ಅದು ಸೂಯೆಝ್‌ನಿಂದ ಬೊಂಬಾಯಿಗೆ ಹೊರಟಿತು. ಆ ಕಾಲದಲ್ಲಿ ಆ ಕಂಪೆನಿಯ ಹಡಗುಗಳಲ್ಲಿ ದುಡಿಯುತ್ತಿದ್ದ ಲಸ್ಕರ್ ನಾವಿಕರಲ್ಲಿ ಅನೇಕರು ನಮ್ಮ ಉಪಖಂಡದ ಬಡ ಮುಸ್ಲಿಮರು ಎಂಬುದನ್ನು ಇಲ್ಲಿ ನೆನೆಯಬೇಕು.

13ರ ನಸುಕಿನ ಸುಮಾರು ಒಂದು ಗಂಟೆಗೆ ಹಡಗು ಅಬೂ ನುಹಾಸ್‌ಗೆ ಬಡಿದು ದಿಬ್ಬದ ಮೇಲೆ ಕುಳಿತಿತು. ಕಪ್ತಾನ ಜೋನ್ಸ್ ಪರಿಶೀಲಿಸಿದನು. ನೀರು ಒಳಬರುತ್ತಿದ್ದರೂ ಪಂಪುಗಳು ಅದನ್ನು ಹೊರಹಾಕುತ್ತಿದ್ದವು. ಹಡಗು ಅಲುಗಾಡದೆ ನಿಂತಿತ್ತು. ಬೆಳಗಾದಾಗ ಪ್ರಯಾಣಿಕರು ತಮ್ಮನ್ನು ದೋಣಿಗಳಲ್ಲಿ ಸಮೀಪದ ಶದ್ವಾನ್ ದ್ವೀಪಕ್ಕೆ ಕಳುಹಿಸಿಕೊಡಿ ಎಂದು ಕೇಳಿಕೊಂಡರು. ಕಪ್ತಾನನು ಒಪ್ಪಲಿಲ್ಲ. ಅದೇ ಕಂಪೆನಿಯ ‘ಸುಮಾತ್ರಾ’ ಎಂಬ ಹಡಗು ಸೂಯೆಝ್ ಕಡೆಗೆ ಬರುವುದಿತ್ತು. ಅದು ಬಂದು ಎಲ್ಲರನ್ನೂ ಕರೆದೊಯ್ಯುವುದು, ಹಡಗಿನಲ್ಲಿರುವುದೇ ಕ್ಷೇಮ ಎಂದನು. ಹಗಲು ಕಳೆಯಿತು. ಪ್ರಯಾಣಿಕರು ಮತ್ತೆ ಕೇಳಿದರು, ಮತ್ತೆ ಅದೇ ಉತ್ತರ ಬಂದಿತು. ರಾತ್ರಿಯ ಊಟವನ್ನು ಎಂದಿನಂತೆ ಬಡಿಸಲಾಯಿತು. 14ರ ನಸುಕಿನ ಎರಡು ಗಂಟೆಯ ಸುಮಾರಿಗೆ ನೀರು ಏರಿ ಬಾಯ್ಲರುಗಳನ್ನು ಆರಿಸಿಬಿಟ್ಟಿತು. ಪಂಪುಗಳು ನಿಂತವು, ದೀಪಗಳು ಹೋದವು. ಆಗಲೂ ದೋಣಿಗಳು ಇಳಿಯಲಿಲ್ಲ. ಬೆಳಗಿನ ಹನ್ನೊಂದು ಗಂಟೆಯ ಸುಮಾರಿಗೆ ಕಪ್ತಾನನು ಕೊನೆಗೂ ಅಪ್ಪಣೆ ಕೊಟ್ಟನು. ಸ್ತ್ರೀಯರು ಮೊದಲ ದೋಣಿಯಲ್ಲಿ ಕುಳಿತರೋ ಇಲ್ಲವೋ, ಹಡಗು ನಡುವೆ ಎರಡಾಗಿ ಮುರಿಯಿತು.

ಐವರು ಪ್ರಯಾಣಿಕರು, 26 ಮಂದಿ ಸಿಬ್ಬಂದಿ, ಒಟ್ಟು 31 ಜನ ಅಲ್ಲಿ ಪ್ರಾಣಬಿಟ್ಟರು. ಉಳಿದವರು ಶದ್ವಾನ್ ದ್ವೀಪ ಸೇರಿ, ದಡಕ್ಕೆ ತೇಲಿಬಂದ ಹತ್ತಿಯನ್ನು ಚಳಿಗೆ ಹೊದೆದುಕೊಂಡರು. ಕೊನೆಗೆ ಅವರನ್ನು ಕರೆದೊಯ್ದದ್ದು ಕಪ್ತಾನನು ಕಾಯುತ್ತಿದ್ದ ಅದೇ ಸುಮಾತ್ರಾ ಹಡಗು. ಬರುವುದೆಂದು ಅವನು ಹೇಳಿದ್ದುದು ಸುಳ್ಳಾಗಿರಲಿಲ್ಲ. ವಿಚಾರಣೆ ನಡೆದು ಅವನ ಪ್ರಮಾಣಪತ್ರವನ್ನು ಒಂಬತ್ತು ತಿಂಗಳು ಅಮಾನತಿನಲ್ಲಿಟ್ಟರು. ಅವನು ಮತ್ತೆ ಸಮುದ್ರಕ್ಕೆ ಹೋಗಲಿಲ್ಲ. ಅಪಘಾತವಾಗಿ ಎರಡು ತಿಂಗಳು ಕಳೆದು, ನವೆಂಬರ್ 17ರಂದು ಸೂಯೆಝ್ ಕಾಲುವೆ ತೆರೆಯಿತು.

ಈ ಕಥೆಯನ್ನು ಅಳಿಯನು ದೋಣಿಯ ಅಟ್ಟದಲ್ಲಿ ಕುಳಿತು ನಮಗೆ ಹೇಳಿದನು. ಬಡಿದ ಗಳಿಗೆಯಿಂದ ಮುರಿದ ಗಳಿಗೆಯವರೆಗೆ ಎಷ್ಟು ಸಮಯವೆಂದು ನಾವು ಬೆರಳೆಣಿಸಿದೆವು. 34 ಗಂಟೆಗಳು. ದ್ವೀಪ ಹತ್ತಿರವಿತ್ತು, ದೋಣಿಗಳಿದ್ದವು, ಇಡೀ ಒಂದು ಹಗಲು ಕೈಯಲ್ಲಿತ್ತು. “ಎಂಥ ಮೂರ್ಖ!” ಎಂದೆವು. ಅಳಿಯನು ಒಡನೆ ಉತ್ತರಿಸಲಿಲ್ಲ. ಆಮೇಲೆ, “ಮೂರ್ಖನಲ್ಲ ಮಾಮ. ಅವನಿಗೂ ಅವನದೇ ಕಾರಣಗಳಿದ್ದವು” ಎಂದನು. ಅದರಲ್ಲಿ ಯಾವ ಚುಚ್ಚುಮಾತೂ ಇರಲಿಲ್ಲ. ಆದರೂ ಅದು ನಮಗೆ ನಾಟಿತು. ಕಾರಣವನ್ನು ಮುಂದೆ ಹೇಳುತ್ತೇವೆ.

ಹಡಗು ಬಿದ್ದಿರುವುದು ದಿಬ್ಬದ ಉತ್ತರದ ಮಗ್ಗುಲಲ್ಲಿ. ಅಲ್ಲಿ ಅಲೆಗಳ ಹೊಡೆತ ಹೆಚ್ಚು. ದೊಡ್ಡ ದೋಣಿ ದಕ್ಷಿಣದ ಮರೆಯಲ್ಲಿ ಲಂಗರು ಹಾಕುತ್ತದೆ. ಇಳಿಯುವವರನ್ನು ರಬ್ಬರಿನ ಸಣ್ಣ ದೋಣಿಯಲ್ಲಿ ಸುತ್ತುಬಳಸಿ ಕರೆದೊಯ್ಯುತ್ತಾರೆ. ಮಾರ್ಗದರ್ಶಕನಾದ ಈಜಿಪ್ಟಿನ ಯುವಕ ಮತ್ತೆ ಮತ್ತೆ ಎಚ್ಚರಿಸಿದನು: ಗೇಜ್ 70ಕ್ಕೆ ಬಂದೊಡನೆ ನನಗೆ ತೋರಿಸಬೇಕು, ತಡಮಾಡಬಾರದು. ನಾವು ಅರಬಿಯಲ್ಲೇ ಉತ್ತರಿಸಿ ತಲೆಯಾಡಿಸಿದೆವು. ಬಿಸ್ಮಿಲ್ಲಾಹ್ ಎಂದು ಹಿಂದಕ್ಕೆ ಉರುಳಿ ನೀರಿಗೆ ಬಿದ್ದೆವು.

ನೀರು ಬೆಚ್ಚಗಿತ್ತು, ತಿಳಿಯಾಗಿತ್ತು. ಇಳಿದಂತೆ ಕೆಂಪು ಬಣ್ಣ ಮೊದಲು ಮಾಯವಾಯಿತು. ಅಳಿಯನ ಕೆಂಪು ಕೈಗವಸು ಬೂದು ಬಣ್ಣಕ್ಕೆ ತಿರುಗಿದುದನ್ನು ಕಂಡೆವು. ಸ್ವಲ್ಪ ಹೊತ್ತಿನಲ್ಲೇ ಹಡಗಿನ ಆಕಾರ ಮೂಡಿತು. ಎಡಮಗ್ಗುಲಿಗೆ ಒರಗಿ, ದಿಬ್ಬಕ್ಕೆ ಸಮಾನಾಂತರವಾಗಿ, ಮರಳಿನ ಮೇಲೆ ಅದು ಮಲಗಿತ್ತು. ಮರದ ಹಲಗೆಗಳನ್ನು ಸಮುದ್ರ ಎಂದೋ ತಿಂದು ಮುಗಿಸಿದೆ. ಉಳಿದಿರುವುದು ಕಬ್ಬಿಣದ ಪಕ್ಕೆಲುಬುಗಳ ಸಾಲು. ಅವುಗಳ ನಡುವಿನ ತೆರಪಿನಿಂದ ಬಿಸಿಲು ಕೋಲುಕೋಲಾಗಿ ಒಳಗೆ ಇಳಿಯುತ್ತದೆ. ಪ್ರತಿ ಪಕ್ಕೆಲುಬಿಗೂ ಮೃದು ಹವಳ ಹಬ್ಬಿದೆ. ಗಾಜಿನಂತೆ ಪಾರದರ್ಶಕವಾದ ಸಣ್ಣ ಮೀನುಗಳ ಹಿಂಡು ಒಳಗೆ ಮೋಡದಂತೆ ತುಂಬಿ, ನಾವು ಸಮೀಪಿಸಿದಾಗ ಎರಡಾಗಿ ಬೇರ್ಪಟ್ಟು ದಾರಿ ಬಿಟ್ಟು, ಹಿಂದೆ ಮತ್ತೆ ಕೂಡಿಕೊಳ್ಳುತ್ತಿತ್ತು. ಬಾಯಲ್ಲಿ ಗಾಳಿಯ ನಳಿಗೆ ಇರುವವನಿಗೆ ಮಾತಾಡಲು ಸಾಧ್ಯವಿಲ್ಲ. ಸುಬ್‌ಹಾನಲ್ಲಾಹ್ ಎಂದು ಮನಸ್ಸಿನಲ್ಲಿ ಮಾತ್ರ ಹೇಳಬಹುದು. ಮನುಷ್ಯರು ಪ್ರಾಣಬಿಟ್ಟ ಸ್ಥಳವನ್ನು ಅಲ್ಲಾಹನು ಇಷ್ಟೊಂದು ಜೀವಗಳ ಮನೆಯಾಗಿ ಮಾಡಿದ್ದಾನೆ. ನೀರಿನಲ್ಲಿ ಮುಳುಗಿ ಸತ್ತ ವಿಶ್ವಾಸಿಗೆ ಹುತಾತ್ಮನ ಪ್ರತಿಫಲವಿದೆಯೆಂದು ಪ್ರವಾದಿವರ್ಯರು(ಸ) ತಿಳಿಸಿರುವರು. ಆ 26 ಮಂದಿಯಲ್ಲಿ ನಮ್ಮ ಸಹೋದರರು ಇದ್ದಿದ್ದರೆ ಅವರಿಗೆ ಆ ಪದವಿ ಸಿಗಲಿ ಎಂದು ಆ ಪಕ್ಕೆಲುಬುಗಳ ನಡುವೆ ನಿಂತು ಪ್ರಾರ್ಥಿಸಿದೆವು.

ಮುರಿದ ನಡುಭಾಗವನ್ನು ದಾಟಿ ಹಿಂಭಾಗದತ್ತ ಸಾಗುವಾಗ ಗೇಜ್ ನೋಡಿದೆವು. ಮುಳ್ಳು 70ರ ಮೇಲಿತ್ತು. ಮಾರ್ಗದರ್ಶಕನು ಮುಂದೆ ಹತ್ತಾರು ಅಡಿ ದೂರದಲ್ಲಿದ್ದನು. ಹಡಗಿನ ಹಿಂತುದಿಯ ದುಂಡನೆಯ ಬಾಗು ಅಲ್ಲೇ ಕಾಣುತ್ತಿತ್ತು. ಅಷ್ಟು ದೂರ ಬಂದು ಅದನ್ನು ನೋಡದೆ ಮರಳುವುದೇ? ಇನ್ನೊಂದು ನಿಮಿಷ, ಆಮೇಲೆ ತೋರಿಸೋಣ ಎಂದುಕೊಂಡೆವು. ಹಿಂತುದಿಯನ್ನು ಮುಟ್ಟಿದೆವು. ಕೆಳಗೆ ಮರಳಿನ ಬಳಿ ಅದರ ದೊಡ್ಡ ಚಕ್ರದಂಡೆ ಕಾಣಿಸಿತು. ಇನ್ನೊಂದು ನಿಮಿಷ ಎಂದುಕೊಂಡೆವು. ಅಳಿಯನು ಪಕ್ಕಕ್ಕೆ ಬಂದು ನಮ್ಮ ಗೇಜನ್ನು ತನ್ನ ಕೈಯಲ್ಲಿ ಹಿಡಿದು ನೋಡಿದಾಗ ಅದು 40ಕ್ಕೆ ಇಳಿದಿತ್ತು. ಅವನ ಕಣ್ಣುಗಳು ಮಾಸ್ಕಿನ ಗಾಜಿನ ಹಿಂದೆ ಅಗಲವಾದುದನ್ನು ನಾವು ಮರೆಯಲಾರೆವು. ಹೆಬ್ಬೆರಳು ಮೇಲೆತ್ತಿ ಏರುವ ಸಂಜ್ಞೆ ಮಾಡಿದನು. ಭಯ ನಮ್ಮನ್ನು ಹಿಡಿದದ್ದು ಆಗ. ಉಸಿರು ಬಿರುಸಾಯಿತು, ಬಿರುಸಾದಷ್ಟೂ ಮುಳ್ಳು ಕೆಳಗಿಳಿಯಿತು.

5 ಮೀಟರ್ ಆಳದಲ್ಲಿ ಅಲೆಗಳು ನಮ್ಮನ್ನು ತೂಗುತ್ತಿದ್ದವು. ಮೂರು ನಿಮಿಷ ಅಲ್ಲಿ ನಿಲ್ಲಬೇಕು. ಗೇಜ್ ಕೊನೆಯ ಗೀಟುಗಳಲ್ಲಿತ್ತು. ಅಳಿಯನು ತನ್ನ ಜಾಕೆಟ್ಟಿಗೆ ಸಿಕ್ಕಿಸಿದ್ದ ಹಳದಿ ಬಣ್ಣದ ಎರಡನೆಯ ನಳಿಗೆಯನ್ನು ಎಳೆದು ನಮ್ಮ ಮುಂದೆ ಹಿಡಿದನು. ನಮ್ಮದನ್ನು ತೆಗೆದು ಅದನ್ನು ಬಾಯಿಗಿಟ್ಟೆವು. ಅವನು ನಮ್ಮ ಭುಜದ ಪಟ್ಟಿಯನ್ನು ಬಲವಾಗಿ ಹಿಡಿದುಕೊಂಡನು. ಒಂದೇ ಸಿಲಿಂಡರಿನಿಂದ ಇಬ್ಬರೂ ಉಸಿರಾಡುತ್ತ, ಮುಖಕ್ಕೆ ಮುಖ ಕೊಟ್ಟು, ಆ ಮೂರು ನಿಮಿಷ ನಿಂತೆವು.

ಈಗ ಆ ಕಾರಣವನ್ನು ಹೇಳಬೇಕು. ನಮ್ಮ ತಂದೆ ತೀರಿಕೊಂಡು ಆಗ ಹನ್ನೊಂದು ವರ್ಷಗಳಾಗಿದ್ದವು. ತಾಯಿ ಅವರಿಗಿಂತ ಮೊದಲೇ ಹೋಗಿದ್ದರು. ತಂದೆಯವರು ಬಿಟ್ಟುಹೋದುದು ಒಂದೂವರೆ ಎಕರೆ ಅಡಿಕೆ ತೋಟ. ವಾರೀಸುದಾರರು ನಾವು ಮತ್ತು ಅಕ್ಕ, ಇಬ್ಬರೇ. ಸೂರಃ ಅನ್ನಿಸಾದಲ್ಲಿ ಅಲ್ಲಾಹನು ವಿಧಿಸಿರುವ ಪಾಲು ಸ್ಪಷ್ಟವಾಗಿದೆ. ಮಗನಿಗೆ ಎರಡು, ಮಗಳಿಗೆ ಒಂದು. ಅಂದರೆ 100 ಸೆಂಟ್ಸ್ ನಮಗೆ, 50 ಸೆಂಟ್ಸ್ ಅಕ್ಕನಿಗೆ. ಪಾಲು ಹಂಚಿಕೆಯ ಈ ವಿದ್ಯೆಯನ್ನು, ಇಲ್ಮುಲ್ ಫರಾಇಝನ್ನು, ನಾವು ಮದ್ರಸದ ಮಕ್ಕಳಿಗೆ ಕರಿಹಲಗೆಯ ಮೇಲೆ ಗೀಟು ಎಳೆದು ಕಲಿಸುತ್ತ ಬಂದವರು. ಅದೇ ಪಾಲನ್ನು ಅಕ್ಕನಿಗೆ ಕೊಟ್ಟಿರಲಿಲ್ಲ.

ಕೊಡುವುದಿಲ್ಲವೆಂದು ನಾವು ಎಂದೂ ಹೇಳಿಲ್ಲ, ಮನಸ್ಸಿನಲ್ಲಿಯೂ ಎಣಿಸಿಲ್ಲ. ಮೊದಲ ವರ್ಷ ದುಃಖದ ನೆಪ. ಆಮೇಲೆ ಪಹಣಿಯಲ್ಲಿ ತಂದೆಯ ಹೆಸರು ಬದಲಾಗಿರಲಿಲ್ಲ, ಪೌತಿ ಖಾತೆ ಆಗಬೇಕಿತ್ತು. ಅದಾದ ಮೇಲೆ ಮಗಳ ನಿಕಾಹ್ ಬಂದಿತು. ಮನೆಯ ಮಾಡು ಸೋರಿತು. ಅಡಿಕೆಗೆ ಕೊಳೆರೋಗ ತಗಲಿತು. ಒಂದೊಂದು ಕಾರಣವೂ ನಿಜವೇ ಆಗಿತ್ತು. ಪಂಪುಗಳು ಕೆಲಸ ಮಾಡುತ್ತಿದ್ದವು, ಹಡಗು ಅಲುಗಾಡದೆ ನಿಂತಿತ್ತು.

ಈ ನಡುವೆ ಅಕ್ಕನ ಗಂಡ ತೀರಿಕೊಂಡರು. ಅವಳು ಬೀಡಿ ಕಟ್ಟಿ ಮೂವರು ಮಕ್ಕಳನ್ನು ಸಾಕಿದಳು. ಹಿರಿಯವನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಾಗ ಶುಲ್ಕಕ್ಕೆ ಹಣ ಸಾಲದೆ ಬಂದು ನಿಂತಳು. ನಾವು 20,000 ರೂಪಾಯಿ ಕೊಟ್ಟೆವು. ‘ಸಹಾಯ’ ಎಂದು ಹೇಳಿ ಕೊಟ್ಟೆವು. ಅವಳು ಕಣ್ಣೀರು ಒರೆಸಿಕೊಂಡು ನಮಗಾಗಿ ದುಆ ಮಾಡಿದಳು. ಊರಿನವರೂ ನಮ್ಮನ್ನು ಹೊಗಳಿದರು. ಅಷ್ಟು ಹೊತ್ತಿಗೆ ಅವಳ 50 ಸೆಂಟ್ಸಿನ ಅಡಿಕೆ ಎರಡು ಬಾರಿ ನಮ್ಮ ಅಂಗಳದಲ್ಲಿ ಒಣಗಿ, ಮಾರಾಟವಾಗಿ, ನಮ್ಮ ಮನೆಯ ಖರ್ಚಿಗೆ ಹೋಗಿತ್ತು. ಅವಳ ಹಣದಿಂದಲೇ ಅವಳಿಗೆ ದಾನ ಕೊಟ್ಟು, ಅವಳಿಂದಲೇ ದುಆ ಪಡೆದೆವು. ಆ ಶುಲ್ಕದಿಂದ ಓದಿದವನೇ ಈಗ ತನ್ನ ಗಾಳಿಯನ್ನು ನಮಗೆ ಕೊಡುತ್ತಿದ್ದನು.

ದೋಣಿಗೆ ಮರಳಿ, ಅಟ್ಟದ ಮೇಲೆ ಆಗ್ನೇಯಕ್ಕೆ ಮುಖ ಮಾಡಿ ಝುಹರ್ ನಮಾಝನ್ನು ಪ್ರಯಾಣಿಕರ ರಿಯಾಯಿತಿಯಂತೆ ಎರಡು ರಕಅತ್ ನಿರ್ವಹಿಸಿದೆವು. ಸಲಾಮ್ ಹೇಳಿದ ಬಳಿಕವೂ ಏಳಲಾಗಲಿಲ್ಲ. ನಮ್ಮ ಮುಂದೆ ಇದ್ದುದು ಕೆಂಪು ಸಮುದ್ರ. ಪ್ರವಾದಿ ಮೂಸಾ(ಅ) ತಮ್ಮ ಜನಾಂಗದೊಂದಿಗೆ ದಾಟಿದ ನಿಖರವಾದ ಸ್ಥಳವನ್ನು ಪವಿತ್ರ ಕುರ್‌ಆನ್ ಹೆಸರಿಸಿಲ್ಲ. ಆದರೆ ಫಿರ್‌ಔನನ ಕೊನೆಯ ಗಳಿಗೆಯನ್ನು ಸೂರಃ ಯೂನುಸ್‌ನಲ್ಲಿ ಅದು ವಿವರಿಸುತ್ತದೆ. ನೀರು ಆವರಿಸಿದಾಗ ಅವನು ತಾನು ವಿಶ್ವಾಸವಿರಿಸಿದೆನೆಂದನು. ಈಗಲೇ, ಇಷ್ಟು ಕಾಲ ಧಿಕ್ಕರಿಸಿ ಈಗಲೇ ಎಂಬ ಅರ್ಥದ ಉತ್ತರ ಅವನಿಗೆ ದೊರೆಯಿತು. ಪ್ರವಾದಿ ಯೂನುಸ್(ಅ) ಸಹ ನೀರಿನಡಿಯಿಂದಲೇ, ಮೀನಿನ ಉದರದ ಕತ್ತಲೆಯಿಂದ ಕರೆದರು. ಅವರ ಕರೆಗೆ ಉತ್ತರ ಸಿಕ್ಕಿತು, ಅವರು ದಡ ಸೇರಿದರು. ಇಬ್ಬರೂ ಕರೆದುದು ಸಮುದ್ರದಿಂದಲೇ. ಯೂನುಸರು(ಅ) ಅಲ್ಲಾಹನ ಮಹಿಮೆಯನ್ನು ಕೊಂಡಾಡುವವರಲ್ಲಿ ಒಬ್ಬರಾಗಿರದಿದ್ದರೆ ಪುನರುತ್ಥಾನದ ದಿನದವರೆಗೂ ಆ ಉದರದಲ್ಲೇ ಉಳಿಯುತ್ತಿದ್ದರೆಂದು ಸೂರಃ ಅಸ್ಸಾಫ್ಫಾತ್ ತಿಳಿಸುತ್ತದೆ. ನಿರಾಳದ ದಿನಗಳಲ್ಲಿ ಅಲ್ಲಾಹನನ್ನು ನೆನೆದ ನಾಲಗೆ ಕಷ್ಟದಲ್ಲಿ ನೆನೆದಾಗ ಅದು ಪರಿಚಿತ ಸ್ವರವಾಗಿರುತ್ತದೆ ಎಂದು ನಮ್ಮ ಗುರುಗಳು ಪಾಠದಲ್ಲಿ ವಿವರಿಸುತ್ತಿದ್ದರು. ಫಿರ್‌ಔನನು ಕಳೆದುಕೊಂಡದ್ದು ಆ ನಿರಾಳದ ದಿನಗಳನ್ನು.

ಪ್ರಾಣ ಗಂಟಲಿಗೆ ಬರುವವರೆಗೆ ತೌಬಾದ ಬಾಗಿಲು ತೆರೆದಿರುತ್ತದೆಂದು ಪ್ರವಾದಿವರ್ಯರು(ಸ) ತಿಳಿಸಿರುವರು. ಈ ಶುಭವಾರ್ತೆಯನ್ನು ನಾವು ಅದೆಷ್ಟೋ ಜುಮಾ ಭಾಷಣಗಳಲ್ಲಿ ಹೇಳಿದ್ದೇವೆ. ಆದರೆ ಇಮಾಮ್ ನವವೀ(ರ) ‘ರಿಯಾಳುಸ್ಸ್ವಾಲಿಹೀನ್’ನಲ್ಲಿ ವಿವರಿಸಿರುವ ನಿಬಂಧನೆಯನ್ನು ಅದರೊಂದಿಗೆ ಓದಬೇಕು. ಪಾಪವನ್ನು ಬಿಡುವುದು, ಅದಕ್ಕಾಗಿ ಮರುಗುವುದು, ಮತ್ತೆ ಮಾಡೆನೆಂದು ನಿಶ್ಚಯಿಸುವುದು ಎಂಬ ಮೂರು ನಿಬಂಧನೆಗಳು ದಾಸ ಮತ್ತು ಒಡೆಯನ ನಡುವಿನ ಪಾಪಗಳಿಗೆ ಸಾಕು. ಇನ್ನೊಬ್ಬ ಮನುಷ್ಯನ ಹಕ್ಕು ಅದರಲ್ಲಿದ್ದರೆ ನಾಲ್ಕನೆಯದೊಂದಿದೆ. ಆ ಹಕ್ಕನ್ನು ಮರಳಿಸಿ ಋಣಮುಕ್ತನಾಗಬೇಕು. ಪಶ್ಚಾತ್ತಾಪದ ಮಾತಿಗೆ ಒಂದು ಉಸಿರು ಸಾಕಾಗಬಹುದು. ಹಕ್ಕು ಮರಳಿಸಲು ದಿನಗಳು ಬೇಕು, ಕಚೇರಿ ಬೇಕು, ಸಹಿ ಹಾಕುವ ಕೈ ಬೇಕು. ಕೊನೆಯ ಉಸಿರಿನಲ್ಲಿ ಪೌತಿ ಖಾತೆ ಆಗುವುದಿಲ್ಲ.

ಅಳಿಯನ ಬಳಿ ಹೋಗಿ ಕುಳಿತು ಎಲ್ಲವನ್ನೂ ಹೇಳಿದೆವು. 50 ಸೆಂಟ್ಸಿನ ಲೆಕ್ಕವನ್ನೂ, ಆ 20,000 ರೂಪಾಯಿಯ ವಿಷಯವನ್ನೂ ಹೇಳಿದೆವು. ಅವನು ಒದ್ದೆ ತಲೆಯನ್ನು ಟವೆಲಿನಿಂದ ಒರೆಸಿಕೊಳ್ಳುತ್ತಿದ್ದವನು ನಿಲ್ಲಿಸಿದನು. ಅವನಿಗೆ ಎಲ್ಲ ತಿಳಿದಿತ್ತೆಂದು ಅವನ ಮುಖದಿಂದಲೇ ಗೊತ್ತಾಯಿತು.

“ಇದನ್ನು ನನಗೆ ಹೇಳಬೇಡಿ ಮಾಮ” ಎಂದನು. “ಹಕ್ಕು ಉಮ್ಮನದು. ಕ್ಷಮಿಸುವುದಿದ್ದರೂ ಉಮ್ಮನೇ ಕ್ಷಮಿಸಬೇಕು. ಅವರಿಗೆ ಹೇಳಿ.”

ಊರಿಗೆ ಮರಳಿದ ಮರುದಿನವೇ ಅಕ್ಕನ ಮನೆಗೆ ಹೋದೆವು. ಝಮ್‌ಝಮ್ ನೀರು, ಖರ್ಜೂರ ಕೊಟ್ಟು ವಿಷಯ ತೆಗೆದೆವು. ಅವಳು ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ನಾನು ಅದನ್ನು ಎಂದೋ ಬಿಟ್ಟುಕೊಟ್ಟೆ. ನೀನು ಸಣ್ಣವನು, ನಿನಗೇ ಇರಲಿ” ಎಂದಳು.

ಇಲ್ಲಿ ನಾವು ಮತ್ತೊಮ್ಮೆ ಜಾರಬಹುದಿತ್ತು. ನಮ್ಮ ಸಮುದಾಯದ ಅದೆಷ್ಟೋ ಸಹೋದರರು ಈ ಒಂದು ಮಾತಿನ ಮೇಲೆ ತಮ್ಮ ಮನಸ್ಸಾಕ್ಷಿಯನ್ನು ಮಲಗಿಸಿದ್ದಾರೆ. ಸಹೋದರಿ ಬಿಟ್ಟುಕೊಟ್ಟಳು, ಹಕ್ಕು ಖುಲಾಸೆಗೆ ಸಹಿ ಹಾಕಿದಳು ಎನ್ನುತ್ತಾರೆ. ಆದರೆ ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂದು ಹೆದರಿ, ನಾಲ್ಕು ಜನರೆದುರು ಸಂಕೋಚಪಟ್ಟು ಬಿಟ್ಟುಕೊಟ್ಟದ್ದು ಮನಃಪೂರ್ವಕವಾದ ಒಪ್ಪಿಗೆ ಹೇಗಾದೀತು? “ಮೊದಲು ನಿನ್ನ ಹೆಸರಿಗೆ ಬರೆಯುತ್ತೇನೆ ಅಕ್ಕ. ನಿನ್ನ ಕೈಗೆ ಬಂದ ಮೇಲೆ ಇಟ್ಟುಕೋ, ಮಾರು, ಯಾರಿಗೆ ಬೇಕಾದರೂ ಕೊಡು. ಅದು ನಿನ್ನ ಇಷ್ಟ. ಹನ್ನೊಂದು ವರ್ಷದ ಫಸಲಿನ ಲೆಕ್ಕವೂ ಇದೆ. ಒಂದೇ ಸಲ ಕೊಡಲು ನನ್ನಿಂದಾಗದು, ಕಂತಿನಲ್ಲಿ ಕೊಡುತ್ತೇನೆ” ಎಂದೆವು.

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದಳು: “ಹಾಗಾದರೆ, ಬಾವಿಯ ಪಕ್ಕದ ಹಲಸಿನ ಮರ ಇದೆಯಲ್ಲ, ಆ ಕಡೆಯ ಭಾಗವನ್ನು ಕೊಡುತ್ತೀಯಾ? ಅದು ಬಾಪ ನೆಟ್ಟದ್ದು.”

ಹನ್ನೊಂದು ವರ್ಷಗಳಲ್ಲಿ ಅವಳು ಒಮ್ಮೆಯೂ ಕೇಳಿರಲಿಲ್ಲ. ಆದರೆ ಯಾವ ಭಾಗ ಬೇಕೆಂಬುದು ಅವಳಿಗೆ ಗೊತ್ತಿತ್ತು. ಬಿಟ್ಟುಕೊಟ್ಟವಳು ಮರವನ್ನು ಹಾಗೆ ನೆನಪಿಟ್ಟುಕೊಂಡಿರುವುದಿಲ್ಲ. ನಾವು ತಲೆ ತಗ್ಗಿಸಿ ಕುಳಿತೆವು.

ಸರ್ವೆ, ನಕ್ಷೆ, ವಿಭಾಗಪತ್ರದ ನೋಂದಣಿ ಎಲ್ಲ ಮುಗಿಯಲು ತಿಂಗಳುಗಳೇ ಹಿಡಿದವು. ಹಲಸಿನ ಮರವಿರುವ 50 ಸೆಂಟ್ಸ್ ಈಗ ಅಕ್ಕನ ಹೆಸರಿನಲ್ಲಿದೆ. ಫಸಲಿನ ಬಾಕಿಯಲ್ಲಿ ಎರಡು ಕಂತು ಸಂದಿದೆ. ಉಳಿದುದನ್ನು ಒಂದು ಕಾಗದದಲ್ಲಿ ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ ಮಕ್ಕಳ ಕೈಗೆ ಕೊಟ್ಟಿದ್ದೇವೆ. ಸಾಲ ತೀರುವವರೆಗೆ ವಿಶ್ವಾಸಿಯ ಆತ್ಮ ಅದರೊಂದಿಗೆ ತೂಗುಬಿದ್ದಿರುತ್ತದೆಂಬ ಪ್ರವಾದಿ ವಚನದ ಆಶಯವನ್ನು ಕಲಿಸಿದವರು ಅದನ್ನು ಮರೆತು ಮಲಗುವಂತಿಲ್ಲ. ಅಕ್ಕನು ಕ್ಷಮಿಸಿದ್ದಾಳೆಯೇ ಎಂದು ಕೇಳುವ ಧೈರ್ಯ ನಮಗೆ ಇನ್ನೂ ಬಂದಿಲ್ಲ. ಈ ಬಾರಿ ಹಲಸು ಹಣ್ಣಾದಾಗ ಅವಳು ಒಂದು ಹಣ್ಣನ್ನು ನಮ್ಮ ಮನೆಗೆ ಕಳುಹಿಸಿದ್ದಳು.

ಆತ್ಮೀಯ ಓದುಗರೇ, ಕಪ್ತಾನ ಜೋನ್ಸ್ ದುಷ್ಟನಾಗಿರಲಿಲ್ಲ. ಅವನು ಕಾದ ಹಡಗು ಬಂದೇ ಬಂದಿತು. ಆದರೆ ಅದು ಬರುವಷ್ಟರಲ್ಲಿ 31 ಜನರ ಸಮಯ ಮುಗಿದಿತ್ತು. ಮಗಳ ಮದುವೆ ಆಗಲಿ, ಮನೆ ಮುಗಿಯಲಿ, ಗಲ್ಫಿನಿಂದ ತಮ್ಮ ಬರಲಿ ಎಂದು ನಾವು ಕಾಯುವ ಹಡಗುಗಳೂ ಬಂದಾವು. ಅವು ಬರುವ ತನಕ ನಾವೋ, ನಮ್ಮ ಸಹೋದರಿಯೋ ಇರುತ್ತೇವೆಂಬ ಭರವಸೆಯನ್ನು ಕೊಟ್ಟವರು ಯಾರು? ಇಂದು ಅಸರ್ ನಮಾಝ್ ಮುಗಿದ ಬಳಿಕ ನಿಮ್ಮ ಮನೆಯ ಪಹಣಿಯನ್ನು ಒಮ್ಮೆ ತೆಗೆದು ನೋಡಿರಿ. ತಂದೆಯ ಹೆಸರಿನಲ್ಲೇ ಉಳಿದುದು, ಒಬ್ಬನ ಹೆಸರಿಗಷ್ಟೇ ಆದುದು ಏನಿದೆಯೆಂದು ಪರಿಶೀಲಿಸಿರಿ. ಬಳಿಕ ಸಹೋದರಿಗೆ ಒಂದು ಫೋನ್ ಮಾಡಿರಿ. ಅವಳು ಕೇಳುವವರೆಗೆ ಕಾಯಬೇಡಿರಿ, ಅವಳು ಕೇಳಲಾರಳು.

ಓ ಅಲ್ಲಾಹ್, ಹಿಂದಿರುಗಲು ಬೇಕಾದ ಉಸಿರು ಉಳಿದಿರುವಾಗಲೇ ಹಿಂದಿರುಗುವ ಬುದ್ಧಿಯನ್ನು ನಮಗೆ ನೀಡು. ನಾವು ಹಿಡಿದಿಟ್ಟುಕೊಂಡ ಹಕ್ಕುಗಳನ್ನು ಅವುಗಳ ಒಡೆಯರಿಗೆ ಮರಳಿಸಲು ಆಯುಷ್ಯವನ್ನೂ ಮನಸ್ಸನ್ನೂ ಕೊಡು. ನಮ್ಮ ಸಹೋದರಿಯರ ಮೌನವನ್ನು ನಾಳೆ ನಮ್ಮ ವಿರುದ್ಧದ ಸಾಕ್ಷ್ಯವನ್ನಾಗಿ ಮಾಡದಿರು. ಆಮೀನ್.